ಗರಗಸದ ಇನ್ನೊಂದು ಹಿಡಿ

ಬೆಕ್ವಿತ್ ಗುಡ್ಡದ ಕಾಲುದಾರಿಗೆ ಮರ ಅಡ್ಡ ಬಿದ್ದರೆ ಅದನ್ನು ಕುಯ್ಯುವ ಗರಗಸ ಆರಡಿ ಉದ್ದದ್ದು, ಇಬ್ಬರು ಎಳೆಯುವಂಥದ್ದು. ಎರಡು ತುದಿಗೂ ಮರದ ಹಿಡಿಗಳಿವೆ. ತಿರುಪು ಬಿಚ್ಚಿದರೆ ಕೈಗೆ ಬರುತ್ತವೆ. ಅಲಗು ತಂಡದ ಸಾಮಾನು ಕೋಣೆಯ ಗೋಡೆಗೆ ನೇತಾಡುತ್ತಿರುತ್ತದೆ, ಹಿಡಿಗಳು ಮಾತ್ರ ಜೋಡಿಯ ಇಬ್ಬರ ಮನೆಯಲ್ಲಿ ಒಂದೊಂದು. ಸಂಬಳವಿಲ್ಲದೆ ಆ ದಾರಿಯನ್ನು ನೋಡಿಕೊಳ್ಳುವ ಹ್ಯಾಸ್ಕಿಲ್ ಊರಿನ ಶನಿವಾರದ ತಂಡದಲ್ಲಿ ಇದು ಮೊದಲಿನಿಂದ ಬಂದ ರೂಢಿ. ಒಬ್ಬರೇ ಕಾಡಿಗೆ ಹೋಗಿ ದೊಡ್ಡ ಮರಕ್ಕೆ ಕೈ ಹಾಕುವ ಹುಚ್ಚು ಯಾರಿಗೂ ಬಾರದಿರಲೆಂದು ಹಿಂದಿನವರು ಮಾಡಿದ್ದು. ಇಪ್ಪತ್ತಾರು ವರ್ಷಗಳಿಂದ ಒಂದು ಹಿಡಿ ನೆಡ್ರಾ ವಿಟಾಕರಳ ಅಡುಗೆಮನೆಯ ಕಿಟಕಿಯಲ್ಲಿತ್ತು. ಇನ್ನೊಂದು ಆರಿನ್ ಸ್ಟಕಿಯ ಮನೆಯಲ್ಲಿತ್ತು.

ನೆಡ್ರಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಬಸ್ಸು ಹೊರಟ ಮೇಲೆ ಎದ್ದು ನಿಂತ ಮಗು ಯಾರ ಮನೆಯದಾದರೂ ಬೈಗುಳ ತಪ್ಪುತ್ತಿರಲಿಲ್ಲ. ಆರಿನ್ ಮರದ ಮಿಲ್ಲಿನಲ್ಲಿ ಗರಗಸಗಳಿಗೆ ಸಾಣೆ ಹಿಡಿಯುತ್ತಿದ್ದವನು. ಮಿಲ್ಲು ಮುಚ್ಚಿದ ಮೇಲೆ ತಂಡದ ಗರಗಸಗಳಿಗೆ ಹಿಡಿದ. ಅವನು ಹರಿತ ಮಾಡಿದ ಹಲ್ಲು ಮರದಿಂದ ಹುಡಿ ಉದುರಿಸುತ್ತಿರಲಿಲ್ಲ, ಶಾವಿಗೆಯಂಥ ಉದ್ದನೆಯ ಎಳೆಗಳನ್ನು ತೆಗೆಯುತ್ತಿತ್ತು. ನೆಡ್ರಾ ಅದನ್ನು ಬೆರಳಿಗೆ ಸುತ್ತಿಕೊಂಡು, "ಸಾಸ್ ಒಂದು ಇದ್ದಿದ್ರೆ ಊಟ ಆಗ್ತಿತ್ತು ಕಣೋ" ಎನ್ನುವಳು. ಆರಿನ್ ಇಪ್ಪತ್ತಾರು ವರ್ಷವೂ ಅದಕ್ಕೆ ನಕ್ಕ.

ಈ ಗರಗಸದ ಗುಟ್ಟು ಒಂದೇ. ಎಳೆಯಬೇಕು, ತಳ್ಳಬಾರದು. ನಿನ್ನ ಸರದಿ ಮುಗಿದ ಕೂಡಲೇ ಕೈ ಸಡಿಲ ಬಿಡಬೇಕು, ಆಗ ಆ ಕಡೆಯವನು ಎಳೆದುಕೊಳ್ಳುತ್ತಾನೆ. ತಳ್ಳಿದರೆ ಅಲಗು ಬಾಗಿ ಸಿಕ್ಕಿಕೊಳ್ಳುತ್ತದೆ, ಇಬ್ಬರ ಭುಜವೂ ಕಿತ್ತುಬರುತ್ತದೆ. ಕೇಳಲು ನೀರು ಕುಡಿದಷ್ಟು ಸುಲಭ. ಆದರೆ ಎದುರಿನವನು ಎಳೆದೇ ಎಳೆಯುತ್ತಾನೆ ಎಂಬ ನಂಬಿಕೆ ಇಲ್ಲದವರಿಗೆ ಜನ್ಮದಲ್ಲಿ ಬರುವ ವಿದ್ಯೆಯಲ್ಲ ಅದು.

ಬೆಕ್ವಿತ್ ದಾರಿಯಲ್ಲಿ ಮೋಟಾರಿನ ಸದ್ದಿಲ್ಲ ಎಂಬುದು ನೆಡ್ರಾಳ ಹೆಮ್ಮೆ. ಮರ ಕುಯ್ಯಲೂ ಮೋಟಾರಿನ ಗರಗಸವಿಲ್ಲ. ನಡೆಯುವವರು, ಕುದುರೆಯವರು, ಸೈಕಲ್ಲಿನವರು ಮೂವರಿಗೂ ಅದೇ ಎರಡಡಿ ಅಗಲದ ದಾರಿ. ಕುದುರೆ ಎದುರಾದರೆ ಸೈಕಲ್ಲಿನವರು ಇಳಿಯಬೇಕು, ಇಳಿಜಾರಿನ ಬದಿಗೆ ಸರಿದು ನಿಂತು ಏನಾದರೂ ಮಾತಾಡಬೇಕು. ಹೆಲ್ಮೆಟ್ಟು ಹಾಕಿಕೊಂಡು ಗಾಲಿಯ ಮೇಲೆ ಕೂತದ್ದು ಕುದುರೆಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ದನಿ ಕೇಳಿದರೆ ಅದಕ್ಕೆ ಸಮಾಧಾನ.

ಎರಡು ಬೇಸಿಗೆಯ ಹಿಂದೆ ಒಬ್ಬ ಪಡ್ಡೆ ಹುಡುಗ ಇಳಿಯಲೂ ಇಲ್ಲ, ಮಾತಾಡಲೂ ಇಲ್ಲ. ಅವನದು ಪೆಡಲಿನ ಹಂಗಿಲ್ಲದೆ, ಕೈಹಿಡಿ ತಿರುಚಿದರೆ ಸಾಕು ಬೈಕಿನ ಹಾಗೆ ನುಗ್ಗುವ ವಿದ್ಯುತ್ ಸೈಕಲ್ಲು. ಏರಿನ ತಿರುವಿನಲ್ಲಿ ಕೆಳಗಿನಿಂದ ಆ ವೇಗದಲ್ಲಿ ಏನಾದರೂ ಬಂದೀತೆಂದು ಯಾರು ಎಣಿಸುತ್ತಾರೆ? ವರ್ನಾ ಎಂಬಾಕೆಯ ಕುದುರೆ ಬೆದರಿ ಹಿಂಗಾಲ ಮೇಲೆ ನಿಂತಿತು. ವರ್ನಾ ಕಲ್ಲಿನ ಮೇಲೆ ಬಿದ್ದಳು, ಸೊಂಟದ ಮೂಳೆ ಮುರಿಯಿತು, ಮತ್ತೆ ಕುದುರೆ ಹತ್ತಲಿಲ್ಲ. ಹುಡುಗ ಕೌಂಟಿಯ, ಎಂದರೆ ಜಿಲ್ಲಾ ಆಡಳಿತದ, ಸದಸ್ಯನೊಬ್ಬನ ಸೋದರಳಿಯ. ಒಳ್ಳೆಯ ಮನೆತನದವನು, ಎಳೆಯ ವಯಸ್ಸು, ಕಾಲೇಜಿಗೆ ಸೀಟು ಸಿಕ್ಕಿದೆ ಎಂದೆಲ್ಲ ಹೇಳಿ ಬಿಟ್ಟುಬಿಟ್ಟರು.

ನೆಡ್ರಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಆಗಷ್ಟೇ ಕೌಂಟಿಯ ಕಾಲುದಾರಿ ಸಮಿತಿಗೆ ಅಧ್ಯಕ್ಷೆಯಾಗಿದ್ದಳು. ಒಂದು ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳೇ ನಿಯಮ ಬರೆದಳು. ಯಾವುದೇ ಮೋಟಾರಿನ ಗಾಡಿ ಕೆಳಗಿನ ಗೇಟು ದಾಟಕೂಡದು. ದಾಟಿದವರು ಒಂದು ವರ್ಷ ಕೌಂಟಿಯ ಯಾವ ಕಾಲುದಾರಿಗೂ ಕಾಲಿಡಕೂಡದು, ನಡೆದುಕೊಂಡು ಕೂಡ. ಶಿಕ್ಷೆ ಕೊಡುವಾಗ ಯಾರ ವಯಸ್ಸನ್ನೂ, ಯಾರ ನೆಂಟಸ್ತನವನ್ನೂ, ಯಾರ ಹಿಂದಿನ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಒಮ್ಮೆ ಕೊಟ್ಟ ಶಿಕ್ಷೆಯನ್ನು ಯಾವ ಕಾರಣಕ್ಕೂ ಇಳಿಸತಕ್ಕದ್ದಲ್ಲ. ಇದು ಹನ್ನೊಂದನೆಯ ಕಲಮು. ಅದನ್ನು ಬರೆದು ಮುಗಿಸಿದ ದಿನ ಅವಳು ವರ್ನಾಳಿಗೆ ಫೋನ್ ಮಾಡಿ ಓದಿ ಹೇಳಿದ್ದಳು.

ಆರಿನ್‌ಗೆ ಹೃದಯದ ಶಸ್ತ್ರಚಿಕಿತ್ಸೆಯಾದದ್ದು ಅದರ ಮುಂದಿನ ವರ್ಷದ ಜನವರಿಯಲ್ಲಿ. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಊರಿನ ಹೋಟೆಲಿಗೆ ಅವನು ಹೊಸ ಸೈಕಲ್ಲಿನಲ್ಲಿ ಬಂದಿಳಿದ. ಹಕಲ್‌ಬೆರಿ ಹಣ್ಣಿನ ಪೈ ಎರಡು ತುಂಡು ಹೇಳಿ, ನೆಡ್ರಾಳ ಎದುರಿಗೆ ಕೂತ.

"ನನ್ನ ಸೈಕಲ್ಲು ನೋಡಿದ್ಯಾ?"

"ನೋಡ್ದೆ. ಮೋಟಾರ್ ಇರೋದನ್ನ ನಾನು ಸೈಕಲ್ಲು ಅನ್ನಲ್ಲ."

"ತುಳಿದ್ರೆ ಮಾತ್ರ ಓಡತ್ತೆ ಕಣೆ. ಕಾಲು ನಿಲ್ಸಿದ್ರೆ ಅದೂ ನಿಲ್ಲತ್ತೆ. ನನ್ನ ಹಾಗೇ ಸೋಮಾರಿ."

"ಒಬ್ಬ ಸೋಮಾರಿ ಸಾಕಾಗಿತ್ತು ಡಾರ್ಲಾಗೆ. ಎರಡನೇದು ಯಾಕೆ ತಂದೆ?"

ಡಾರ್ಲಾ ಆರಿನ್‌ನ ಹೆಂಡತಿ. ಅವನು ನಗಲಿಲ್ಲ. ಫೋರ್ಕನ್ನು ತಟ್ಟೆಯಲ್ಲಿಟ್ಟ.

"ನೋಡು ನೆಡ್ರಾ. ಎದೆ ಕುಯ್ದು ಹೊಲ್ದಿದಾರೆ. ಆರು ಮೈಲಿ ಏರು ಹತ್ತಿ, ಆಮೇಲೆ ಗರಗಸಾನೂ ಎಳಿ ಅಂದ್ರೆ ನನ್ನ ಕೈಲಾಗಲ್ಲ. ಎರಡ್ರಲ್ಲಿ ಒಂದು ಆಗತ್ತೆ. ಮೇಲಕ್ಕೆ ಇದು ಕರ್ಕೊಂಡು ಹೋಗ್ಲಿ. ಗರಗಸ ನಾನು ಎಳೀತೀನಿ."

"ನಿಯಮ ಇದ್ಯಲ್ಲೋ."

"ನಿಯಮ ಬರೆದೋಳು ಎದುರಿಗೇ ಕೂತಿದಾಳೆ. ತಿದ್ದು ಅಂತೀನಿ. ವೇಗಕ್ಕೆ ಕಡಿವಾಣ ಹಾಕು, ಮೋಟಾರಿಗೆ ಬೇಡ. ಗಂಟೆಗೆ ಹತ್ತು ಮೈಲಿ, ಅದರ ಮೇಲೆ ಹೋದವನನ್ನ ಹಿಡಿ, ಮೋಟಾರಿರ್ಲಿ ಇಲ್ದೇ ಇರ್ಲಿ. ಹ್ಯಾಂಡಲ್ಲಿಗೆ ಗಂಟೆ ಕಡ್ಡಾಯ ಮಾಡು. ಕೈ ತಿರುಚಿದ್ರೆ ಓಡೋ ಗಾಡಿಗಳ್ನ ಬೇಕಾದ್ರೆ ಗೇಟಲ್ಲೇ ನಿಲ್ಸು. ಬರೀ ಕಾಲ ಬಲದ ಹುಡುಗ್ರು ಮೇಲಿಂದ ಮೂವತ್ತು ಮೈಲೀಲಿ ಇಳೀತಾರೆ, ಅವರಿಗೆ ಶಹಬ್ಬಾಸ್. ನಾನು ಎಂಟು ಮೈಲೀಲಿ ಹತ್ತಿದ್ರೆ ಅಪರಾಧ. ಇದ್ಯಾವ ನ್ಯಾಯ?"

ಅವನ ಮಾತಿನಲ್ಲಿ ಸತ್ಯವಿತ್ತು. ಅದು ನೆಡ್ರಾಳಿಗೆ ಹೊಳೆಯಿತು, ಹೊಳೆದದ್ದಕ್ಕೇ ಸಿಟ್ಟೂ ಬಂತು. "ಯಾವುದು ತುಳಿಯೋದು ಯಾವುದು ತಿರುಚೋದು ಅಂತ ಗೇಟಲ್ಲಿ ಯಾರು ಕೂತು ನೋಡ್ತಾರೆ? ಟೆಸ್ಸಾ ಒಬ್ಬಳೇ ರೇಂಜರ್. ಕೌಂಟಿಯ ದಾರಿಗಳೆಲ್ಲ ಸೇರಿ ನಾನೂರು ಮೈಲಿ ಇದೆ. ನಿನಗೆ ಅಂತ ಒಂದು ಸಂದು ಬಿಟ್ರೆ ಆ ಸಂದಲ್ಲಿ ಎಲ್ಲಾರೂ ನುಗ್ತಾರೆ."

"ನುಗ್ಲಿ ಬಿಡು, ಹತ್ತು ಮೈಲೀಲಿ ನುಗ್ಲಿ."

"ಡಾಕ್ಟರ ಚೀಟಿ ತಗೊಂಡು ಬಾ. ನಡೆಯೋಕೆ ಆಗದವರಿಗೆ ನೀಲಿ ಬಿಲ್ಲೆ ಕೊಡ್ತೀವಿ. ಸೈಕಲ್ಲಿಗೆ ಕಟ್ಕೊಂಡು ರಾಜನ ಹಾಗೆ ಹೋಗು. ಆ ದಾರಿ ನಾನೇ ಇಟ್ಟಿದೀನಿ."

ಆರಿನ್‌ನ ಮುಖ ಕೆಂಪಾಯಿತು. "ನನ್ನ ಎರಡು ಕಾಲೂ ನೆಟ್ಟಗಿವೆ. ಇಲ್ಲಿ ಮಾರುಕಟ್ಟೆ ತನಕ ದಿನಾ ನಡೀತೀನಿ. ಆ ಬಿಲ್ಲೆ ಕಟ್ಕೊಂಡು ಹೋದ್ರೆ, ನಿಜವಾಗ್ಲೂ ಕಾಲಿಲ್ಲದವರ ಮುಖ ಹ್ಯಾಗೆ ನೋಡ್ಲಿ? ಸುಳ್ಳು ಹೇಳಿ ಬಾ ಅಂತೀಯ, ನಿಯಮ ತಿದ್ದಲ್ಲ ಅಂತೀಯ. ನಿನ್ನ ನಿಯಮಕ್ಕೆ ಸುಳ್ಳು ಪಥ್ಯ ಅಂತಾಯ್ತು."

ಅವಳು ಪೈ ಮುಗಿಸಲಿಲ್ಲ.

ಸಮಿತಿಯ ಸಭೆ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ನಡೆಯುತ್ತಿತ್ತು. ಮಾತಾಡಬಯಸುವ ಪ್ರತಿಯೊಬ್ಬರಿಗೂ ಮೂರು ನಿಮಿಷ. ಅದನ್ನು ಅಳೆಯಲು ನೆಡ್ರಾ ತನ್ನ ಮನೆಯಿಂದ ಮೊಟ್ಟೆ ಬೇಯಲು ಹೊತ್ತು ಅಳೆಯುವ ಗಡಿಯಾರ ತರುತ್ತಿದ್ದಳು. ತಿರುಗಿಸಿಟ್ಟರೆ ಮೂರು ನಿಮಿಷಕ್ಕೆ ಟ್ರಿಣ್ ಎನ್ನುತ್ತದೆ. ಆರಿನ್ ಎದ್ದು ನಿಂತು ಹೋಟೆಲಿನಲ್ಲಿ ಹೇಳಿದ್ದನ್ನೇ ಹೇಳಿದ. ಹತ್ತು ಮೈಲಿ, ಗಂಟೆ, ತುಳಿಯುವುದು ಬೇರೆ, ತಿರುಚುವುದು ಬೇರೆ. ನಾಲ್ಕು ಜನರೆದುರು ಮಾತಾಡಿ ಗೊತ್ತಿಲ್ಲದವನು, ನಡುವೆ ತಡವರಿಸಿದ. "ಕೊನೇದಾಗಿ ಒಂದ್ಮಾತು, ಆ ದಾರಿ ನನಗೆ..." ಎನ್ನುವಷ್ಟರಲ್ಲಿ ಟ್ರಿಣ್ ಎಂದಿತು.

"ಸಮಯ ಆಯ್ತು" ಎಂದಳು ನೆಡ್ರಾ.

ಬೇರೆ ಯಾರಿಗಾದರೂ ಅರ್ಧ ನಿಮಿಷ ಹೆಚ್ಚು ಕೊಡುತ್ತಿದ್ದಳೇನೋ. ಗೆಳೆಯನೆಂಬ ಕಾರಣಕ್ಕೇ ಕೊಡಲಿಲ್ಲ. ತಿದ್ದುಪಡಿಗೆ ಇಬ್ಬರು ಪರ, ಇಬ್ಬರು ವಿರುದ್ಧ. ಐದನೆಯ ಮತ ಅಧ್ಯಕ್ಷೆಯದು. ವರ್ನಾ ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದಳು. ನೆಡ್ರಾ ವಿರುದ್ಧ ಎಂದು ಕೈ ಎತ್ತಿದಳು. ಆರಿನ್ ಟೋಪಿ ಹಾಕಿಕೊಂಡು ಹೊರಗೆ ಹೋದ. ಅವನು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡದ್ದು ಅವಳಿಗೆ ಚುಚ್ಚಿತು. ದಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಮೇ ತಿಂಗಳಲ್ಲಿ ಹಿಮ ಕರಗಿ ದಾರಿ ತೆರೆಯಿತು. ಶನಿವಾರದ ತಂಡಕ್ಕೆ ಆರಿನ್ ಬರಲಿಲ್ಲ. ತನ್ನ ಹಿಡಿಯನ್ನೂ ಕಳಿಸಲಿಲ್ಲ. ನೆಡ್ರಾ ಸಾಮಾನು ಕೋಣೆಯಲ್ಲಿದ್ದ ಯಾವುದೋ ಬಿಡಿ ಹಿಡಿ ಸಿಕ್ಕಿಸಿಕೊಂಡು ಹೊಸಬರ ಜೊತೆ ಎಳೆದಳು. ಎಲ್ಲರೂ ತಳ್ಳುವವರೇ. "ಎಳೀರಿ, ಬಿಡಿ! ತಳ್ಳಬೇಡಿ ಅಂದ್ನಲ್ಲಾ!" ಎಂದು ಕಿರುಚಿ ಕಿರುಚಿ ಗಂಟಲು ಹೋಯಿತು, ಬಲಭುಜ ಊದಿತು. ಒಂದು ಪುಣ್ಯವೆಂದರೆ ಆ ವರ್ಷ ದಾರಿಗೆ ಬಿದ್ದ ದೊಡ್ಡ ಮರಗಳು ಕಡಿಮೆ ಎನಿಸಿತು. ಬಿದ್ದವುಗಳನ್ನೂ ಯಾರೋ ಆಗಲೇ ಕುಯ್ದು ಬದಿಗೆ ಉರುಳಿಸಿದ್ದರು. ಅರಣ್ಯದ ಕೆಲಸಗಾರರಿರಬೇಕು ಎಂದುಕೊಂಡಳು. ಒಂದು ಕೊರಡಿನ ಕೆಳಗೆ ಶಾವಿಗೆಯಂಥ ಉದ್ದನೆಯ ಎಳೆಗಳು ಬಿದ್ದಿದ್ದವು. ಪರವಾಗಿಲ್ಲ, ಸಾಣೆ ಹಿಡಿಯಲು ಬರುವವನೊಬ್ಬ ಅವರಲ್ಲೂ ಇದ್ದಾನೆ ಎಂದು ಒಂದು ಕ್ಷಣ ಖುಷಿಪಟ್ಟು ಮುಂದೆ ನಡೆದಳು.

ಏಕೆಂದರೆ ಅವಳ ಕಣ್ಣು ಆಗಲೇ ನೆಲದ ಮೇಲಿನ ಇನ್ನೊಂದು ಗುರುತಿಗೆ, ಸೈಕಲ್ಲಿನ ಅಗಲ ಗಾಲಿಯ ಗುರುತಿಗೆ, ಅಂಟಿಕೊಂಡಿತ್ತು. ಮೂರನೆಯ ಮೈಲಿಯಲ್ಲಿ ಒಂದು ಕಡಿದಾದ ಏರಿದೆ. ಎಂಥ ಗಟ್ಟಿಗನೂ ಅಲ್ಲಿ ಸೈಕಲ್ಲು ಇಳಿದು ತಳ್ಳುತ್ತಾನೆ. ಹಾಗಾಗಿ ಆ ಏರಿನಲ್ಲಿ ಗಾಲಿಯ ಗುರುತಿನ ಪಕ್ಕದಲ್ಲಿ ಯಾವಾಗಲೂ ಶೂಗಳ ಗುರುತಿರುತ್ತದೆ. ಈ ಅಗಲ ಗಾಲಿಯ ಪಕ್ಕದಲ್ಲಿ ಶೂ ಗುರುತಿರಲಿಲ್ಲ. ಕೆಳಗಿನಿಂದ ಮೇಲಿನವರೆಗೆ ಕೂತಲ್ಲೇ ಹತ್ತಿದ್ದಾನೆ. ಎಂದರೆ ಮೋಟಾರು.

ಮುಂದಿನ ಶನಿವಾರವೂ ಅದೇ ಗುರುತು, ಅದರ ಮುಂದಿನ ಶನಿವಾರವೂ. ನೆಡ್ರಾಳಿಗೆ ನಿದ್ದೆ ಹಾರಿಹೋಯಿತು. ತಾನು ಆರಿನ್‌ಗೆ ಇಲ್ಲ ಎಂದದ್ದು, ಇಪ್ಪತ್ತಾರು ವರ್ಷದ ಜೋಡಿಯನ್ನು ಕಳೆದುಕೊಂಡದ್ದು ಇಂಥ ಒಬ್ಬ ಕಳ್ಳ ಕೂತು ಹತ್ತಲೆಂದೇ? ಈ ಪಾಪಿಯನ್ನು ಹಿಡಿದು ಶಿಕ್ಷೆ ಕೊಡಿಸಿದರೆ, ಆರಿನ್‌ನ ಮನೆಗೆ ಹೋಗಿ, ನೋಡು, ನಿನಗೊಬ್ಬನಿಗೆ ಅಲ್ಲ, ಎಲ್ಲರಿಗೂ ಇದೇ ನಿಯಮ ಎನ್ನಬಹುದು. ಆಗ ಅವನ ಸಿಟ್ಟು ಇಳಿದೀತು, ಹಿಡಿ ಹಿಡಿದುಕೊಂಡು ಕೆಳಗಿನ ಒಂದು ಮೈಲಿಯ ಮಟ್ಟಿಗಾದರೂ ಬಂದಾನು. ಹೀಗಿತ್ತು ಅವಳ ಎಣಿಕೆ.

ಅವಳು ರೇಂಜರ್ ಟೆಸ್ಸಾಳನ್ನು ಕರೆದುಕೊಂಡು ಏರಿಗೆ ಹೋದಳು. ಜಿಂಕೆ ಕರಡಿಗಳ ಚಿತ್ರ ತೆಗೆಯಲು ಮರಕ್ಕೆ ಕಟ್ಟುವ ಕ್ಯಾಮೆರಾ ಟೆಸ್ಸಾಳ ಹತ್ತಿರ ಇತ್ತು.

"ಮೇಡಂ, ಬಿಟ್ಬಿಡೋಣ ಅನ್ಸತ್ತೆ ನನಗೆ" ಎಂದಳು ಟೆಸ್ಸಾ. "ಯಾರಿಗೂ ತೊಂದ್ರೆ ಆದ ಹಾಗಿಲ್ಲ. ದೂರೂ ಬಂದಿಲ್ಲ."

"ದೂರು ನಾನು ಕೊಡ್ತಿದೀನಲ್ಲ. ವರ್ನಾಳ ಸೊಂಟ ಮುರಿಯೋ ಮುಂಚೆನೂ ದೂರು ಬಂದಿರ್ಲಿಲ್ಲ."

"ಕ್ಯಾಮೆರಾದಲ್ಲಿ ಬಿದ್ರೆ ಚಿತ್ರ ಸಮಿತಿಯ ಐದೂ ಜನಕ್ಕೆ ಹೋಗತ್ತೆ. ಆಮೇಲೆ ಮುಚ್ಚಿಡೋಕಾಗಲ್ಲ."

"ಮುಚ್ಚಿಡಬಾರ್ದು ಅಂತಾನೇ ಹಾಗೆ ಬರೆದದ್ದು. ಆ ಮರ ಬೇಡ, ಈ ಮರಕ್ಕೆ ಕಟ್ಟು. ಬೆಳಗಿನ ಬಿಸಿಲು ಮುಖಕ್ಕೆ ಬೀಳತ್ತೆ."

ಚಿತ್ರ ಬಂದದ್ದು ಜೂನ್ ಕೊನೆಯ ಗುರುವಾರ. ನೆಡ್ರಾ ಅಡುಗೆಮನೆಯಲ್ಲಿ ನಿಂತು ಫೋನ್ ತೆರೆದಳು. ಬೆಳಗಿನ ಬಿಸಿಲು ಮುಖಕ್ಕೇ ಬಿದ್ದಿತ್ತು. ಆರಿನ್ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತ ಪೆಡಲು ತುಳಿಯುತ್ತಿದ್ದ. ಬೆನ್ನಿಗೆ, ಹಳೆಯ ಅಗ್ನಿಶಾಮಕ ಕೊಳವೆಯ ಬಟ್ಟೆಯಲ್ಲಿ ಸುತ್ತಿ, ಒಬ್ಬರೇ ಎಳೆಯುವ ಗಿಡ್ಡ ಗರಗಸವನ್ನು ಕಟ್ಟಿಕೊಂಡಿದ್ದ. ಕೊರಡಿನ ಕೆಳಗಿನ ಆ ಶಾವಿಗೆ ಎಳೆಗಳು ಕಣ್ಣ ಮುಂದೆ ಬಂದವು. ಇಡೀ ಕೌಂಟಿಯಲ್ಲಿ ಹಾಗೆ ಸಾಣೆ ಹಿಡಿಯುವವನು ಒಬ್ಬನೇ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗಾಲಿಯ ಗುರುತು ಓದಿದ ಕಣ್ಣು ಅದನ್ನು ಓದದೆ ದಾಟಿತ್ತು. ಅಷ್ಟರಲ್ಲಿ ಫೋನು ಮತ್ತೆ ಸದ್ದು ಮಾಡಿತು. ಚಿತ್ರ ತಲುಪಿದೆ ಎಂದು ಸಮಿತಿಯ ಉಳಿದವರು ಒಬ್ಬೊಬ್ಬರಾಗಿ ಬರೆಯುತ್ತಿದ್ದರು.

ಜುಲೈ ಹತ್ತರಂದು ವಿಚಾರಣೆ. ಸಭಾಂಗಣ ತುಂಬಿತ್ತು. ಅಧ್ಯಕ್ಷೆ ತಪ್ಪನ್ನು ಓದಬೇಕು, ತಪ್ಪು ಮಾಡಿದವನಿಗೆ ಮೂರು ನಿಮಿಷ ಕೊಡಬೇಕು, ಆಮೇಲೆ ಶಿಕ್ಷೆಯನ್ನು ಓದಬೇಕು. ನೆಡ್ರಾ ಗಡಿಯಾರವನ್ನು ತಿರುಗಿಸಿಟ್ಟಳು.

ಆರಿನ್ ಎದ್ದು ನಿಂತ. ಏನೂ ಹೇಳಲಿಲ್ಲ. ಜಗಳವಿಲ್ಲ, ವಾದವಿಲ್ಲ, ಟೋಪಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಜನ ಕೆಮ್ಮಿದರು, ಕುರ್ಚಿ ಸರಿಸಿದರು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮೂರು ನಿಮಿಷ ಇಷ್ಟು ಉದ್ದವೆಂದು ನೆಡ್ರಾಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಏನಾದರೂ ಹೇಳೋ ಎಂದು ಅವಳ ಮನಸ್ಸು ಗೋಗರೆಯಿತು. ಟ್ರಿಣ್ ಎಂದಾಗ ಅವನು ಕೋಟಿನ ಒಳಗಿನಿಂದ ಗರಗಸದ ಹಿಡಿ ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟ.

"ಸಮಯ ಆಯ್ತು" ಎಂದ. ಹೋಗಿ ಕೂತ.

ಅವಳು ಶಿಕ್ಷೆ ಓದಿದಳು. ಒಂದು ವರ್ಷ, ಕೌಂಟಿಯ ಎಲ್ಲ ಕಾಲುದಾರಿಗಳು, ನಡೆದುಕೊಂಡು ಕೂಡ. ದನಿ ಒಡೆಯದ ಹಾಗೆ ಓದಿದಳು. ಹಾಗೆ ಓದಿದ್ದನ್ನು ಆಮೇಲೆ ಊರಿನಲ್ಲಿ ಕೆಲವರು ಮೆಚ್ಚಿಕೊಂಡರು, ಕೆಲವರು ಮೂಗು ಮುರಿದರು.

ಹೊರಗೆ ಕಾರುಗಳ ನಡುವೆ ಡಾರ್ಲಾ ಅವಳನ್ನು ತಡೆದಳು.

"ಯಾಕೆ ಹೋಗ್ತಿದ್ದ ಅಂತಾದ್ರೂ ಗೊತ್ತಾ ನಿನಗೆ?"

"ದಾರಿ ಬಿಟ್ಟಿರೋಕಾಗ್ಲಿಲ್ಲ ಅವನಿಗೆ."

"ದಾರಿ ಅಂತೆ ದಾರಿ! ಪ್ರತಿ ಗುರುವಾರ ಕತ್ತಲೆ ಹರಿಯೋ ಮುಂಚೆ ಎದ್ದು ಹೋಗ್ತಿದ್ದ. 'ಶನಿವಾರ ಅವಳ ಜೊತೆ ಬರೀ ತಳ್ಳೋ ಜನ ಬರ್ತಾರೆ ಡಾರ್ಲಾ, ಅವಳ ಭುಜ ಕಿತ್ತೋಗತ್ತೆ' ಅನ್ನೋನು. ದೊಡ್ಡ ಮರಗಳ್ನೆಲ್ಲ ನೀನು ಬರೋ ಮುಂಚೆ ಕುಯ್ದಿಡ್ತಿದ್ದ. ನೀನು ಮರಕ್ಕೆ ಕ್ಯಾಮೆರಾ ಕಟ್ಟಿದೆ."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಡಾರ್ಲಾ ಕಾರು ಹತ್ತಿದಳು.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಬಗೆಯ ದುಃಖ. ಹುಲ್ಲು ಹಳದಿಯಾಗುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಗುಡ್ಡದ ನೆತ್ತಿಯ ಮೇಲೆ ಹಳೆಯ ಗಣಿಯ ಜಾಗ ಕೊಂಡವರು ಒಂದು ವಸತಿಗೃಹ ತೆರೆದರು. ಅತಿಥಿಗಳಿಗೆ ಬಾಡಿಗೆ ಕೊಡಲು ನಲವತ್ತು ವಿದ್ಯುತ್ ಸೈಕಲ್ಲು ತರಿಸಿದರು. ಕೌಂಟಿಗೆ ಒಮ್ಮೆಲೇ ಜ್ಞಾನೋದಯವಾಯಿತು. ನಿಯಮ ತಿದ್ದಬೇಕೆಂದು ಮೇಲಿನಿಂದಲೇ ಪತ್ರ ಬಂತು. ಹೊಸದಾಗಿ ಬಂದ ಕೌಂಟಿ ವಕೀಲ ಪ್ರೆಸ್ಕಾಟ್ ಸಭೆಯಲ್ಲಿ ಎದ್ದು ನಿಂತು ತಿದ್ದುಪಡಿ ಓದಿದ. ತುಳಿದರೆ ಮಾತ್ರ ಓಡುವ ಮೋಟಾರಿಗೆ ಅನುಮತಿ. ತಿರುಚಿದರೆ ಓಡುವುದಕ್ಕೆ ಇಲ್ಲ. ಎಲ್ಲರಿಗೂ ಗಂಟೆಗೆ ಹತ್ತು ಮೈಲಿ ಮಿತಿ. ಹ್ಯಾಂಡಲ್ಲಿಗೆ ಗಂಟೆ ಕಡ್ಡಾಯ.

ಏಪ್ರಿಲಿನಲ್ಲಿ ತಡವರಿಸುತ್ತ ಒಬ್ಬ ಮುದುಕ ಇದೇ ಸಭಾಂಗಣದಲ್ಲಿ ಹೇಳಿದ ಮಾತುಗಳೇ ಅವು. ಈ ಸಲ ಯಾರೂ ಗಡಿಯಾರ ತಿರುಗಿಸಿಡಲಿಲ್ಲ. ಪರವಾಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನೆಡ್ರಾ. ವರ್ನಾ ಎದ್ದು ಊರುಗೋಲು ಊರಿಕೊಂಡು ಹೊರನಡೆದಳು. ನೆಡ್ರಾ ಅದನ್ನೂ ನೋಡಿದಳು, ಕೈ ಇಳಿಸಲಿಲ್ಲ.

"ಹಾಗಾದ್ರೆ ಆರಿನ್ ಸ್ಟಕಿಯ ಶಿಕ್ಷೆ ಇವತ್ತಿಗೆ ರದ್ದಾಯ್ತಲ್ಲ" ಎಂದಳು, ಮತ ಎಣಿಸಿ ಮುಗಿಯುವುದನ್ನೂ ಕಾಯದೆ.

ಪ್ರೆಸ್ಕಾಟ್ ಕಾಗದ ಮಗುಚಿದ. "ಆಗಲ್ಲ ಮೇಡಂ. ಹೊಸ ನಿಯಮ ಇವತ್ತಿಂದ. ಅವರ ತಪ್ಪು ಹಳೇ ನಿಯಮದ ಕೆಳಗೆ ಆಗಿದ್ದು. ಹನ್ನೊಂದನೇ ಕಲಮು ಇದೆ ನೋಡಿ. ವಯಸ್ಸಿಲ್ಲ, ನೆಂಟಸ್ತನ ಇಲ್ಲ, ಸೇವೆ ಇಲ್ಲ, ಯಾವ ಕಾರಣಕ್ಕೂ ಇಳಿಸೋ ಹಾಗಿಲ್ಲ." ಅವನು ತಲೆಯೆತ್ತಿ ನಕ್ಕ. "ಬರೆದವರು ಯಾರೋ, ಭಾರೀ ಬುದ್ಧಿವಂತರು. ಒಂದು ಸಂದೂ ಬಿಟ್ಟಿಲ್ಲ."

ಯಾರೂ ಅವನಿಗೆ ಹೇಳಲಿಲ್ಲ.

ಆ ಶರತ್ಕಾಲದಲ್ಲಿ ಲಾರ್ಚ್ ಮರಗಳು ಹಳದಿಯಾದಾಗ, ಎಲ್ಲೆಲ್ಲಿಂದಲೋ ಬಂದವರು ಮೋಟಾರಿನ ಮೇಲೆ ಕೂತು ಬೆಕ್ವಿತ್ ದಾರಿ ಹತ್ತಿದರು. ದಾರಿಯ ಮರ ಕುಯ್ದವನು, ಇಪ್ಪತ್ತಾರು ವರ್ಷ ಅದನ್ನು ಮನೆಯಂಗಳದ ಹಾಗೆ ಇಟ್ಟವನು, ಕೆಳಗಿನ ಗೇಟಿನ ಈಚೆ ರಸ್ತೆಯಲ್ಲಿ ಮಾರುಕಟ್ಟೆಗೆ ನಡೆದು ಹೋಗುತ್ತಿದ್ದ. ನೆಡ್ರಾ ಒಂದೆರಡು ಸಲ ಎದುರಾದಳು. ಅವನು ಟೋಪಿಗೆ ಕೈ ತಾಗಿಸಿ ಮುಂದೆ ಹೋದ.

ಮರುವರ್ಷದ ಜುಲೈ ಹತ್ತು. ನೆಡ್ರಾ ಬೆಳಿಗ್ಗೆಯೇ ಆರಿನ್‌ನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕೂತು ಪಕ್ಕದ ಮನೆಯವರ ಬೇಲಿ ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. ಕುತ್ತಿಗೆ ಸಣ್ಣಗಾಗಿತ್ತು, ಅಂಗಿ ದೊಡ್ಡದಾಗಿತ್ತು. ಅವಳು ಅವನ ಹಿಡಿಯನ್ನು ಜಗಲಿಯ ಕಟಕಟೆಯ ಮೇಲಿಟ್ಟಳು.

"ವರ್ಷ ಮುಗೀತು ಆರಿನ್."

"ಗೊತ್ತು. ಡಾರ್ಲಾ ಕ್ಯಾಲೆಂಡರಲ್ಲಿ ಗುರುತು ಹಾಕಿದ್ಲು."

"ನಾಲ್ಕನೇ ಮೈಲೀಲಿ ಲಾರ್ಚ್ ಬಿದ್ದಿದೆ. ಮೂರಡಿ ದಪ್ಪ. ಹೊಸಬರ ಕೈಲಿ ಆಗೋದಲ್ಲ ಅದು. ಈಗ ಸೈಕಲ್ಲೂ ಬಿಡ್ತಾರೆ."

"ಸೈಕಲ್ಲು ಅಳಿಯಂಗೆ ಕೊಟ್ಟೆ."

"ನೀನು ಹೇಳಿದ್ದೇ ಈಗ ನಿಯಮ. ನಾನೇ ಮೊದ್ಲು ಕೈ ಎತ್ತಿದ್ದು."

"ಕೇಳ್ದೆ. ನೀನೇ ಮುಚ್ಚಿದೆ, ನೀನೇ ತೆರೆದೆ. ಎರಡು ಸಲಾನೂ ನಾನು ಬಾಗಿಲ ಥರ ನಿಂತಿರಬೇಕಾ?"

ನೆಡ್ರಾಳ ಕಣ್ಣಲ್ಲಿ ನೀರು ಬಂತು. ಎಪ್ಪತ್ತೊಂದು ವರ್ಷದವಳು, ಒರೆಸಿಕೊಳ್ಳಲು ನಾಚಿಕೆಪಡಲಿಲ್ಲ. "ತಪ್ಪಾಯ್ತು ಕಣೋ. ಅದು ನೀನು ಅಂತ ಗೊತ್ತಿರ್ಲಿಲ್ಲ ನನಗೆ."

"ಶಾವಿಗೆ ನೋಡ್ಲಿಲ್ವಾ?"

"ನೋಡ್ದೆ."

ಆರಿನ್ ಕತ್ತರಿಯನ್ನು ಬಿಸಿಲಿಗೆ ಹಿಡಿದು ಅಂಚು ನೋಡಿದ. "ಒಂದು ಕೇಳ್ತೀನಿ. ನಾನಲ್ದೆ ಬೇರೆ ಯಾರೋ ಮುದುಕ ಆಗಿದ್ದ ಅಂತಿಟ್ಕೊ. ಅವನೂ ಮರ ಕುಯ್ಯೋಕೇ ಹೋಗ್ತಿದ್ದ. ಆಗ ನೀನು ಮಾಡಿದ್ದು ಸರಿಯಾಗ್ತಿತ್ತಾ?"

ಸುಳ್ಳು ಹೇಳಿದ್ದರೆ ಅವನು ಬರುತ್ತಿದ್ದನೇನೋ. ನೆಡ್ರಾಳಿಗೆ ಅದೊಂದು ವಿದ್ಯೆ ಬರುತ್ತಿರಲಿಲ್ಲ.

"ಆಗ್ತಿತ್ತು" ಎಂದಳು.

ಅವನು ನಕ್ಕ. ಶಾವಿಗೆಯ ಮಾತಿಗೆ ನಗುತ್ತಿದ್ದ ಹಾಗೆಯೇ ನಕ್ಕ. "ನಿನ್ನಲ್ಲಿ ನನಗೆ ಇಷ್ಟವಾಗ್ತಿದ್ದದ್ದು ಇದೇ ನೋಡು. ಅದಕ್ಕೇ ಬರಲ್ಲ. ಹಿಡಿ ತಗೊಂಡು ಹೋಗು. ಚೆನ್ನಾಗಿ ಎಣ್ಣೆ ಹಾಕಿಟ್ಟಿದೀಯ."

ಅವಳು ಅಲಗನ್ನು ಹೆಗಲ ಮೇಲೆ ಹೊತ್ತು ಒಬ್ಬಳೇ ಗುಡ್ಡ ಹತ್ತಿದಳು. ರೂಢಿ ಇರುವುದೇ ಹಾಗೆ ಯಾರೂ ಹೋಗದಿರಲಿ ಎಂದು. ನಾಲ್ಕನೆಯ ಮೈಲಿಯಲ್ಲಿ ಲಾರ್ಚ್ ದಾರಿಗೆ ಅಡ್ಡ ಬಿದ್ದಿತ್ತು, ಅವಳ ಸೊಂಟದೆತ್ತರ. ಎರಡು ತುದಿಗೂ ಹಿಡಿ ಸಿಕ್ಕಿಸಿ, ಅಲಗನ್ನು ತೊಗಟೆಯ ಮೇಲಿಟ್ಟು ಎಳೆದಳು. ಎಳೆದದ್ದು ಬಂತು. ವಾಪಸು ಎಳೆದುಕೊಳ್ಳಲು ಆ ಕಡೆ ಯಾರೂ ಇರಲಿಲ್ಲ. ತಳ್ಳಿದಳು. ಅಲಗು ಬಾಗಿ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಎಳೆದಳು, ಮತ್ತೆ ತಳ್ಳಿದಳು. ಅರ್ಧ ಗಂಟೆಯಲ್ಲಿ ಎರಡು ಬೆರಳು ಆಳ ಕುಯ್ದಿದ್ದಳು, ಕೆಳಗೆ ಬರೀ ಹುಡಿ ಬಿದ್ದಿತ್ತು.

ಕೆಳಗಿನಿಂದ ಗಂಟೆಯ ಸದ್ದು ಬಂತು. ನಿಯಮದ ಪ್ರಕಾರವೇ ಗಂಟೆ ಬಾರಿಸುತ್ತ, ನಿಯಮದ ವೇಗದಲ್ಲಿಯೇ ವಸತಿಗೃಹದ ಐದು ಸೈಕಲ್ಲು ಬಂದು ನಿಂತವು. ಮುಂದಿದ್ದವನು ಒಳ್ಳೆಯ ಮನುಷ್ಯ, ಹೆಲ್ಮೆಟ್ಟು ತೆಗೆದು ಮಾತಾಡಿದ.

"ಎಷ್ಟು ಹೊತ್ತಾಗಬಹುದು ಅಜ್ಜಿ?"

"ಆ ಕಡೆ ಹಿಡಿ ಯಾರಾದ್ರೂ ಹಿಡಿದ್ರೆ ಒಂದು ಗಂಟೆ."

ಅವರಿಗೆ ವಸತಿಗೃಹದಲ್ಲಿ ಹನ್ನೆರಡಕ್ಕೆ ಊಟವಂತೆ. ಮರದ ಬೇರಿನ ಕಡೆಯಿಂದ, ಇಳಿಜಾರಿನ ಹುಲ್ಲಿನ ಮೇಲೆ ಸೈಕಲ್ಲುಗಳನ್ನು ಸುತ್ತಿ ತಳ್ಳಿಕೊಂಡು ಆಚೆ ದಾಟಿದರು. "ನಿಮ್ಮ ಸೇವೆ ದೊಡ್ಡದು, ಥ್ಯಾಂಕ್ಸ್!" ಎಂದು ಕೊನೆಯವಳು ಕೈ ಬೀಸಿದಳು. ಹುಲ್ಲಿನ ಮೇಲೆ ಐದು ಸೈಕಲ್ಲುಗಳ ಗಾಲಿಯ ಗೆರೆ ಉಳಿಯಿತು.

ಇಪ್ಪತ್ತಾರು ವರ್ಷ ನೆಡ್ರಾ ಹೊಡೆದಾಡಿದ್ದು ಆ ಗೆರೆಯ ಜೊತೆಗೇ. ಬಿದ್ದ ಮರವನ್ನು ವಾರದೊಳಗೆ ತೆಗೆಯದಿದ್ದರೆ ಜನ ಸುತ್ತಿ ಹೋಗುತ್ತಾರೆ. ಹುಲ್ಲು ಸಾಯುತ್ತದೆ, ಮಳೆನೀರು ಅಲ್ಲೇ ಹರಿಯುತ್ತದೆ, ಗುಡ್ಡ ಕರಗುತ್ತದೆ. ಅವಳು ಎರಡೂ ಹಿಡಿಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಅಲಗನ್ನು ಹೊತ್ತು ಇಳಿದಳು.

ಆಗಸ್ಟಿನ ಹೊತ್ತಿಗೆ ಮರದ ಸುತ್ತ ಎರಡಡಿ ಅಗಲದ ಹೊಸ ದಾರಿ ಬಿದ್ದಿತ್ತು. ಅದನ್ನು ಅಧಿಕೃತ ಮಾಡಿ ಬಾಣದ ಫಲಕ ನೆಡಲು ಅಧ್ಯಕ್ಷೆಯ ಸಹಿ ಬೇಕೆಂದು ಟೆಸ್ಸಾ ಕಾಗದ ಹಿಡಿದುಕೊಂಡು ಮನೆಗೆ ಬಂದಳು. ಅಡುಗೆಮನೆಯ ಕಿಟಕಿಯಲ್ಲಿ ಎರಡು ಹಿಡಿಗಳು ಅಕ್ಕಪಕ್ಕ ಇದ್ದವು. ಟೆಸ್ಸಾ ಅವುಗಳನ್ನು ನೋಡಿ, ಕಾಗದವನ್ನು ಮೇಜಿನ ಮೇಲಿಟ್ಟಳು. ನೆಡ್ರಾ ಕನ್ನಡಕ ಹಾಕಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಎಲ್ಲ ನಿಯಮದ ಪ್ರಕಾರವೇ ಇತ್ತು, ಸಹಿ ಹಾಕಿದಳು.